ಪಾವಗಡ ಸೋಲಾರ್ ಪಾರ್ಕ್: ಪಹಣಿ ಇದ್ದವರಿಗೆ ಗುತ್ತಿಗೆ ಹಣ ಬಂತು, ಕೂಲಿಯವರಿಗೆ?

ತಿರುಮಣಿ ಕಡೆಯವನು

ನಮ್ಮ ತಾಲ್ಲೂಕಿನಲ್ಲಿ ಮತ್ತೆ ಜಮೀನಿನ ಮಾತು ಶುರುವಾಗಿದೆ. ಸೋಲಾರ್ ಪಾರ್ಕ್ ಇನ್ನೂ ದೊಡ್ಡದು ಮಾಡುತ್ತಾರೆ, ಹೊಸದಾಗಿ ಸಾವಿರಾರು ಎಕರೆ ಬೇಕು ಅಂತ. ಜಮೀನು ಇರುವವರು ಎಕರೆಗೆ ಎಷ್ಟು ಕೇಳಬೇಕು ಅಂತ ಲೆಕ್ಕ ಹಾಕುತ್ತಿದ್ದಾರೆ. ಕೇಳಲಿ, ಕೇಳಲೇಬೇಕು. ಆದರೆ ಜಮೀನು ಇಲ್ಲದವರು ಏನು ಕೇಳಬೇಕು? ಆ ಮಾತು ಎಲ್ಲೂ ಕಿವಿಗೆ ಬೀಳುತ್ತಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪಾರ್ಕ್ ಇರುವುದು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ. ಒಟ್ಟು 2,050 ಮೆಗಾವಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು, 2019ರ ಕೊನೆಗೆ ಪೂರ್ತಿಯಾಯ್ತು. ಜಮೀನನ್ನು ಸರ್ಕಾರ ವಶಪಡಿಸಿಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡಿತು. ವರ್ಷಕ್ಕೆ ಎಕರೆಗೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ದೇಶದ ಬೇರೆ ಕಡೆ ಜಮೀನು ಕಳಕೊಂಡು ಕೋರ್ಟಿಗೆ ಅಲೆಯುವವರನ್ನು ನೋಡಿದರೆ ಇದು ಎಷ್ಟೋ ವಾಸಿ. ಇದನ್ನು ನಾನು ಮನಸಾರೆ ಹೇಳುತ್ತೇನೆ. ನಮ್ಮ ಮನೆಯ ಜಮೀನೂ ಬೇಲಿ ಒಳಗಿದೆ, ಗುತ್ತಿಗೆ ಹಣ ಬರುತ್ತಿದೆ.

ನನ್ನ ಪ್ರಶ್ನೆ ಆ ಜಮೀನಿನಲ್ಲಿ ದುಡಿಯುತ್ತಿದ್ದವರದ್ದು. ಮಳೆ ಸುಮಾರಾಗಿ ಬಂದ ವರ್ಷ ಇಲ್ಲಿ ಎಲ್ಲರೂ ಹಾಕುತ್ತಿದ್ದದ್ದು ಕಡ್ಲೆಕಾಯಿ. ಬಿತ್ತನೆಗೆ ಮುಂಚೆ ಬೀಜ ಬಿಡಿಸಬೇಕು, ಆಮೇಲೆ ಕಳೆ ಕೀಳಬೇಕು, ಕೊನೆಗೆ ಗಿಡ ಕಿತ್ತು ಕಾಯಿ ಬಿಡಿಸಬೇಕು. ಇದರಲ್ಲಿ ಮುಕ್ಕಾಲು ಪಾಲು ಹೆಂಗಸರ ಕೆಲಸ. ಕೊಯ್ಲು ಮುಗಿದ ಹೊಲದಲ್ಲಿ ಮಣ್ಣು ಕೆದಕಿ ಹಕ್ಕಲು ಕಾಯಿ ಆರಿಸಿಕೊಳ್ಳುತ್ತಿದ್ದರು. ಅದಕ್ಕೆ ಯಾರೂ ಬೇಡ ಅನ್ನುತ್ತಿರಲಿಲ್ಲ, ಅದು ಕೂಲಿಯವರ ಪಾಲು ಅಂತಲೇ ಇತ್ತು. ಒಂದು ಮನೆಯ ವರ್ಷದ ಎಣ್ಣೆಗೆ, ಚಟ್ನಿಪುಡಿಗೆ ಅದೇ ಆಗುತ್ತಿತ್ತು. ಒಣಗಿದ ಬಳ್ಳಿ ದನಕ್ಕೆ. ಬೆಳೆ ಇಲ್ಲದ ತಿಂಗಳುಗಳಲ್ಲಿ ಅದೇ ಬಯಲಲ್ಲಿ ಕುರಿ ಮೇಯುತ್ತಿದ್ದವು.

ಬೇಲಿ ಬಿದ್ದ ದಿನ ಇದೆಲ್ಲ ಒಟ್ಟಿಗೆ ನಿಂತಿತು. ಎಕರೆಗೆ ಇಷ್ಟು ಅಂತ ನಮಗೆ ಹಣ ಬಂತು. ನಮ್ಮ ಹೊಲದಲ್ಲಿ ಕಾಯಿ ಬಿಡಿಸುತ್ತಿದ್ದ ನಾಲ್ಕು ಮನೆಯವರಿಗೆ ಒಂದು ನೋಟಿಸ್ ಕೂಡ ಬರಲಿಲ್ಲ. ಅವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಅವರಲ್ಲಿ ಎರಡು ಮನೆ ಈಗ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದಾರೆ. ಊರಲ್ಲಿ ಉಳಿದವರಲ್ಲಿ ಒಬ್ಬನಿಗೆ ಪಾರ್ಕ್ ಒಳಗೆ ಹುಲ್ಲು ಕತ್ತರಿಸುವ ಕೆಲಸ, ಅದೂ ಮಳೆಗಾಲದಲ್ಲಿ.

ಸೌರ ವಿದ್ಯುತ್ ಬೇಡ ಅಂತ ಯಾರಾದರೂ ಅರ್ಥ ಮಾಡಿಕೊಂಡರೆ ಅದು ತಪ್ಪು. ಬೇಕು. ಮುಂದಿನ ಪಾರ್ಕಿನಲ್ಲಿ ಕೂಲಿಯವರ ಹೆಸರು ಕಾಗದಕ್ಕೆ ಬರುವುದು ಹೇಗೆ? ಗೊತ್ತಿರುವವರು ಹೇಳಿ.

ಬತ್ತಿದ ಬೋರು

ಅಣ್ಣ, ನಾನೂ ನಿಮ್ಮ ತಾಲ್ಲೂಕಿನವನೇ. ನೀವು ಹೇಳಿದ್ದು ನಿಜ. ಆದರೆ ಹಳೆಯ ದಿನ ಅಷ್ಟೊಂದು ಚೆನ್ನಾಗಿತ್ತು ಅನ್ನುವ ಹಾಗೆ ಬರೆದಿದ್ದೀರಿ, ಅದನ್ನು ನಾನು ಒಪ್ಪುವುದಿಲ್ಲ. ಮಳೆ ಕೈಕೊಟ್ಟ ವರ್ಷಗಳೇ ಜಾಸ್ತಿ. ಬೋರು ಕೊರೆಸಿದರೆ ನೀರಿಲ್ಲ, ಸಿಕ್ಕ ನೀರಿನಲ್ಲಿ ಫ್ಲೋರೈಡ್. ನಮ್ಮಪ್ಪ ಬಿತ್ತನೆ ಬೀಜದ ಸಾಲ ತೀರಿಸಲಾಗದೆ ಇನ್ನೊಂದು ಸಾಲ ಮಾಡಿದವರು. ಆಗ ಕೂಲಿಯವರಿಗೂ ಕೆಲಸ ಇರಲಿಲ್ಲ. ಗುಳೆ ಹೋಗುವುದು ಪಾರ್ಕ್ ಬಂದ ಮೇಲೆ ಶುರುವಾದದ್ದಲ್ಲ.

ಗುತ್ತಿಗೆ ಹಣ ಬಂದ ಮೇಲೆ ನಮ್ಮ ಮನೆಯಲ್ಲಿ ಮೊದಲ ಸಲ ಒಬ್ಬರು ಕಾಲೇಜು ಮುಗಿಸಿದರು. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಇನ್ನೊಂದು ವಿಷಯ. 21,000ಕ್ಕೆ ಎರಡು ವರ್ಷಕ್ಕೊಮ್ಮೆ ಶೇ 5 ಅಂದರೆ ಎಂಟು ವರ್ಷ ಕಳೆದರೂ 25,500ರ ಆಸುಪಾಸು. ಅಷ್ಟರಲ್ಲಿ ದಿನಸಿ ಬೆಲೆ ಎಲ್ಲಿಗೆ ಹೋಯ್ತು? ಗುತ್ತಿಗೆ ಇರುವುದು 25 ವರ್ಷಕ್ಕೂ ಮೇಲೆ. ಕೊನೆ ಕೊನೆಗೆ ಆ ಹಣಕ್ಕೆ ಏನು ಬರುತ್ತದೆ? ಎರಡು ಎಕರೆ ಇರುವವನು ಈಗಲೇ ಅದರಲ್ಲಿ ಮನೆ ನಡೆಸಲು ಆಗುತ್ತಿಲ್ಲ. ಇಪ್ಪತ್ತು ಎಕರೆ ಇರುವವನಿಗೆ ಮಾತ್ರ ಇದು ಸುಖದ ವ್ಯವಸ್ಥೆ.

ತಿರುಮಣಿ ಕಡೆಯವನು

ಎರಡು ಎಕರೆಯವರ ಮಾತು ನೂರಕ್ಕೆ ನೂರು ಸರಿ. ಗುಳೆ ಮುಂಚೆಯೂ ಇತ್ತು, ಅದೂ ಸರಿ. ಆದರೆ ಮುಂಚೆ ಮಳೆ ಬಂದರೆ ವಾಪಸ್ ಬರುತ್ತಿದ್ದರು. ಈಗ ಮಳೆ ಬಂದರೂ ಬರುವುದಕ್ಕೆ ಹೊಲ ಇಲ್ಲ.

ಭೂಮಿ ಕಾನೂನು

ನಾನು ಭೂಸ್ವಾಧೀನದ ವಿಷಯಗಳಲ್ಲಿ ಕೆಲಸ ಮಾಡುತ್ತೇನೆ. ಕೂಲಿಯವರ ಹೆಸರು ಯಾಕೆ ಬಿಟ್ಟುಹೋಯ್ತು ಅನ್ನುವುದಕ್ಕೆ ಕಾನೂನಿನಲ್ಲೇ ಕಾರಣ ಇದೆ, ಬಿಡಿಸಿ ಹೇಳುತ್ತೇನೆ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ‘ಬಾಧಿತ ಕುಟುಂಬ’ ಅಂದರೆ ಬರೀ ಜಮೀನಿನ ಮಾಲೀಕರಲ್ಲ. ಆ ಜಮೀನಿನಲ್ಲಿ ಕೂಲಿ ಮಾಡುವವರು, ಗೇಣಿದಾರರು, ಪಾಲಿಗೆ ಮಾಡುವವರು ಕೂಡ ಬರುತ್ತಾರೆ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅದೇ ಅವರ ಮುಖ್ಯ ಜೀವನೋಪಾಯ ಆಗಿರಬೇಕು, ಅಷ್ಟೇ. ಜಮೀನು ತಗೊಳ್ಳುವ ಮುಂಚೆ ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಬೇಕು, ಊರಲ್ಲಿ ಅಹವಾಲು ಕೇಳಬೇಕು.

ಪಾವಗಡದಲ್ಲಿ ಸ್ವಾಧೀನ ಆಗಲೇ ಇಲ್ಲ. ಗುತ್ತಿಗೆ ಆಯ್ತು. ಗುತ್ತಿಗೆ ಅಂದರೆ ಮಾಲೀಕ ಮತ್ತು ಪಡೆಯುವವರ ನಡುವಿನ ಒಪ್ಪಂದ. ಅಲ್ಲಿ ಮೂರನೆಯವರಿಗೆ ಜಾಗ ಇಲ್ಲ. ಅದರ ಮೇಲೆ, ಸೌರ ಫಲಕದ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಮೊದಲೇ ಅನುಮತಿ ಪಡೆಯುವ ಅಗತ್ಯವೂ ಇಲ್ಲ. ಹಾಗಾಗಿ ಆ ಕಡೆಯಿಂದಲೂ ಸಾರ್ವಜನಿಕ ಅಹವಾಲು ಇಲ್ಲ.

ಅಂದರೆ ಜಮೀನಿನವರಿಗೆ ಒಳ್ಳೆಯದಾದ ಅದೇ ಏರ್ಪಾಡಿನಿಂದ ಕೂಲಿಯವರಿಗೆ ಇದ್ದ ಕಾನೂನಿನ ರಕ್ಷಣೆ ತಪ್ಪಿಹೋಯಿತು. ಯಾರೋ ಕೆಟ್ಟ ಮನಸ್ಸಿನಿಂದ ಮಾಡಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಗೊತ್ತಾದ ಮೇಲೂ ಮುಂದಿನ ಸಾವಿರಾರು ಎಕರೆಗೆ ಹೀಗೇ ಮಾಡಿದರೆ ಅದು ಅನ್ಯಾಯವೇ. ಗುತ್ತಿಗೆಗೂ 2013ರ ಕಾಯ್ದೆಯ ಆ ವ್ಯಾಖ್ಯಾನವನ್ನೇ ಅನ್ವಯಿಸುತ್ತೇವೆ ಅಂತ ರಾಜ್ಯ ಸರ್ಕಾರ ತನ್ನ ನೀತಿಯಲ್ಲಿ ಬರೆದುಕೊಳ್ಳಬಹುದು. ಅದಕ್ಕೆ ದಿಲ್ಲಿಯವರೆಗೆ ಹೋಗಬೇಕಾಗಿಲ್ಲ.

ಬೂದಿ ಗಾಡಿ

ಸೋಲಾರ್ ಊರಿನವರು ಮಾತಾಡಿದಿರಿ, ಕಲ್ಲಿದ್ದಲಿನ ಕಡೆಯಿಂದ ನಾನೂ ಹೇಳುತ್ತೇನೆ. ನಾನು ಕಲ್ಯಾಣ ಕರ್ನಾಟಕದ ಒಂದು ಶಾಖೋತ್ಪನ್ನ ಸ್ಥಾವರದಲ್ಲಿ ಗುತ್ತಿಗೆ ಕೆಲಸಗಾರ. ಯಾವುದು ಅಂತ ಹೇಳುವುದಿಲ್ಲ, ಹೊಟ್ಟೆಪಾಡು.

ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ವ್ಯಾಗನ್ ಮಗುಚಿ ಸುರಿಯುತ್ತಾರೆ. ಅಲ್ಲಿಂದ ಬೆಲ್ಟಿನ ಮೇಲೆ ಒಳಗೆ ಹೋಗುತ್ತದೆ. ಬೆಲ್ಟಿನ ಕೆಳಗೆ ಉದುರಿದ್ದನ್ನು ಸಲಿಕೆಯಲ್ಲಿ ಎತ್ತಿ ಮತ್ತೆ ಬೆಲ್ಟಿಗೆ ಹಾಕುವುದು ನಮ್ಮ ಗ್ಯಾಂಗಿನ ಕೆಲಸ. ಬಾಯಿಗೆ ಟವೆಲ್ ಕಟ್ಟಿಕೊಂಡರೂ ಸಂಜೆ ಉಗುಳಿದರೆ ಕರಿ ಬರುತ್ತದೆ. ಈ ಕೆಲಸ ಹೋದರೆ ಅಳುವವನಲ್ಲ ನಾನು. ಆದರೆ ಹೋದ ಮೇಲೆ ಏನು?

ಮಳೆಗಾಲ ಬಂತು ಅಂದರೆ ಜಲಾಶಯ ತುಂಬುತ್ತದೆ, ಗಾಳಿ ಜೋರಾಗುತ್ತದೆ, ಪಂಪ್‌ಸೆಟ್ ನಿಲ್ಲುತ್ತವೆ. ಆಗ ಒಂದೊಂದೇ ಯೂನಿಟ್ ಬಂದ್ ಮಾಡುತ್ತಾರೆ. ಕಾಯಂ ನೌಕರರಿಗೆ ತಿಂಗಳ ಸಂಬಳ ನಿಲ್ಲುವುದಿಲ್ಲ. ನಮಗೆ ಗುತ್ತಿಗೆದಾರ ‘ಈ ವಾರ ಬರಬೇಡ, ಫೋನ್ ಮಾಡುತ್ತೇನೆ’ ಅನ್ನುತ್ತಾನೆ. ಎಷ್ಟು ದಿನ ದುಡಿದೆವೋ ಅಷ್ಟಕ್ಕೆ ಕೂಲಿ. ಗುತ್ತಿಗೆದಾರ ಬದಲಾದರೆ ನಮ್ಮ ಸರ್ವೀಸ್ ಮತ್ತೆ ಒಂದರಿಂದ. ಅದೇ ಗೇಟು, ಅದೇ ಬೆಲ್ಟು, ಕಾಗದದಲ್ಲಿ ಮಾತ್ರ ನಾವು ಹೊಸಬರು.

ನಾಳೆ ಸ್ಥಾವರ ಪೂರ್ತಿ ಮುಚ್ಚಿದರೆ ಕಾಯಂ ಇದ್ದವರನ್ನು ಬೇರೆ ಕಡೆ ವರ್ಗ ಮಾಡಬಹುದು. ನಾವು ಇಷ್ಟು ವರ್ಷ ಇಲ್ಲಿ ದುಡಿದೆವು ಅನ್ನುವುದಕ್ಕೆ ಸಾಕ್ಷಿ ಎಲ್ಲಿದೆ? ಪಾವಗಡದ ಅಕ್ಕಂದಿರ ಕಥೆಯೂ ನಮ್ಮದೂ ಒಂದೇ.

ಕರೆಂಟ್ ಲೆಕ್ಕ

ಬೂದಿ ಗಾಡಿ ಅವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ, ಎಲ್ಲ ಹೊರಗಿಂದ ಬರಬೇಕು. ರಾಜ್ಯ ಸರ್ಕಾರದ ಕಡೆಯ ದೊಡ್ಡ ಕಲ್ಲಿದ್ದಲು ಸ್ಥಾವರಗಳು ಮೂರು. ರಾಯಚೂರಿನ ಶಕ್ತಿನಗರದ್ದು 1,720 ಮೆಗಾವಾಟ್, ಬಳ್ಳಾರಿಯ ಕುಡತಿನಿಯದ್ದು 1,700, ಯರಮರಸ್ 1,600. ಶಕ್ತಿನಗರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. 40 ವರ್ಷ ಆಯ್ತು. 2070ಕ್ಕೆ ನೆಟ್ ಝೀರೋ (ಗಾಳಿಗೆ ಬಿಡುವಷ್ಟು ಇಂಗಾಲವನ್ನು ವಾಪಸ್ ಹೀರಿಕೊಳ್ಳುವುದು) ಅಂತ ದೇಶ 2021ರಲ್ಲಿ ಗ್ಲಾಸ್ಗೋದಲ್ಲಿ ಹೇಳಿದ್ದು ದೂರದ ಮಾತಿರಬಹುದು. ಆದರೆ ಹಳೆಯ ಘಟಕಗಳಿಗೆ ಅಷ್ಟು ದಿನ ಆಯಸ್ಸಿಲ್ಲ. ಮುಚ್ಚುವ ದಿನಾಂಕ ಗೊತ್ತಾಗುವ ಮುಂಚೆಯೇ ಯಾರು ಯಾರು ದುಡಿಯುತ್ತಿದ್ದಾರೆ ಅನ್ನುವ ಪಟ್ಟಿ ಆಗಬೇಕು. ಗುತ್ತಿಗೆದಾರನ ಪಟ್ಟಿ ಬೇಡ, ಗೇಟ್ ಪಾಸಿನ ಪಟ್ಟಿ ತೆಗೆದರೆ ನಿಜ ಗೊತ್ತಾಗುತ್ತದೆ.

ಬೂದಿ ಗಾಡಿ

ಸರ್, ಗೇಟ್ ಪಾಸ್ ಮಾತು ಬಹಳ ಚಲೋ ಹೇಳಿದಿರಿ. ಅದು ನಮಗೂ ಹೊಳೆದಿರಲಿಲ್ಲ. ಪಾಸು ಹೆಸರಿನ ಮೇಲೆಯೇ ಇರುತ್ತದೆ.

ಮಂದೆ

ಕುರಿ ವಿಷಯ ಮೊದಲ ಪೋಸ್ಟಿನಲ್ಲಿ ಒಂದು ಸಾಲಲ್ಲಿ ಬಂದು ಹೋಯ್ತು. ನಮ್ಮದು ಕುರಿ ಸಾಕುವ ಮನೆತನ, ಪಾವಗಡದ ಪಕ್ಕದ ತಾಲ್ಲೂಕು. ಕುರುಬರು, ಗೊಲ್ಲರು ಈ ಬಯಲನ್ನು ನಂಬಿಯೇ ಬದುಕಿದವರು. ಕುರಿಯವರಿಗೆ ಜಮೀನಿನ ಹಕ್ಕು ಇರಲಿಲ್ಲ, ಆದರೆ ಹೊಂದಾಣಿಕೆ ಇತ್ತು. ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದೆವು, ರೈತರಿಗೆ ಗೊಬ್ಬರ ಆಗುತ್ತಿತ್ತು, ನಮಗೆ ಮೇವು, ಒಮ್ಮೊಮ್ಮೆ ಮೇಲೆ ರಾಗಿ, ಜೋಳ ಕೊಡುತ್ತಿದ್ದರು. ಬೇಲಿ ಹಾಕಿದ ಮೇಲೆ ಸುತ್ತು ಹಾಕಿ ಹೋಗಬೇಕು. ನೀರಿನ ಕಟ್ಟೆ ಆ ಕಡೆ, ಮಂದೆ ಈ ಕಡೆ. ಎಷ್ಟೋ ಮನೆಯವರು ಮಂದೆ ಮಾರಿ ಕೈ ತೊಳೆದುಕೊಂಡರು.

ಆದರೆ ಇದಕ್ಕೆ ದಾರಿ ಇದೆ. ಫಲಕದ ಕೆಳಗೆ ಹುಲ್ಲು ಬೆಳೆದೇ ಬೆಳೆಯುತ್ತದೆ. ಬೆಳೆದರೆ ಫಲಕಕ್ಕೆ ನೆರಳು, ಬೇಸಿಗೆಯಲ್ಲಿ ಒಣಗಿದರೆ ಬೆಂಕಿಯ ಭಯ. ಅದಕ್ಕೇ ದುಡ್ಡು ಕೊಟ್ಟು ಕತ್ತರಿಸುತ್ತಾರೆ. ಚೀನಾದ ಚಿಂಗ್‌ಹಾಯ್ ಪ್ರಾಂತದ ತಲಾತಾನ್‌ನಲ್ಲಿ ನಮಗಿಂತ ಎಷ್ಟೋ ದೊಡ್ಡ ಪಾರ್ಕ್ ಇದೆ. ಅಲ್ಲಿ ಊರಿನವರ ಕುರಿಗಳನ್ನೇ ಒಳಗೆ ಬಿಡುತ್ತಾರೆ. ಕುರಿ ಓಡಾಡಲಿ ಅಂತ ಫಲಕಗಳನ್ನೇ ಎತ್ತರಕ್ಕೆ ಕೂರಿಸಿದ್ದಾರೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಕಂಪನಿಯವರೇ ಕುರಿಯವರಿಗೆ ಹಣ ಕೊಟ್ಟು ಕರೆಸುತ್ತಾರೆ.

ಒಂದು ಎಚ್ಚರಿಕೆ. ಕುರಿ ಸರಿ, ಮೇಕೆ ಬೇಡ. ಮೇಕೆ ಎರಡು ಕಾಲ ಮೇಲೆ ನಿಲ್ಲುತ್ತದೆ, ಫಲಕದ ಮೇಲೆ ಹತ್ತುತ್ತದೆ, ಸಿಕ್ಕ ವೈರನ್ನು ಕಡಿಯುತ್ತದೆ. ಕುರಿ ತಲೆ ಬಗ್ಗಿಸಿ ನೆಲದ್ದನ್ನು ಮೇಯುತ್ತದೆ. ಕೆಳಗೆ ತೂಗುವ ಕೇಬಲ್‌ಗಳನ್ನು ಎತ್ತಿ ಕಟ್ಟಬೇಕು, ಕಳೆನಾಶಕ ಹೊಡೆಯುವುದನ್ನು ನಿಲ್ಲಿಸಬೇಕು. ಇದನ್ನು ಯಾವ ಎಂಜಿನಿಯರ್ ಬೇಕಾದರೂ ಒಂದು ವಾರದಲ್ಲಿ ಯೋಚಿಸಿ ಮಾಡಬಹುದು. ಕರೆದು ಕೇಳುವ ಮನಸ್ಸು ಬೇಕು, ಅಷ್ಟೇ.

ಸೈಟ್ ಎಂಜಿನಿಯರ್

ನಾನು ಸೌರ ಸ್ಥಾವರಗಳಲ್ಲೇ ಕೆಲಸ ಮಾಡುವವನು, ಪಾವಗಡದಲ್ಲಿ ಅಲ್ಲ. ಕುರಿ ಬಿಡುವುದು ತಾಂತ್ರಿಕವಾಗಿ ಆಗುತ್ತದೆ, ಒಪ್ಪುತ್ತೇನೆ. ತೊಡಕು ಇರುವುದು ಹೊಣೆಯಲ್ಲಿ. ಒಳಗೆ ಹೈ ವೋಲ್ಟೇಜ್ ಇರುತ್ತದೆ. ಕುರಿಗೋ ಕಾಯುವ ಹುಡುಗನಿಗೋ ಏನಾದರೂ ಆದರೆ ಯಾರು ಜವಾಬ್ದಾರಿ? ಒಪ್ಪಂದದಲ್ಲಿ ಬರೆದಿಲ್ಲ ಅಂದರೆ ಸೈಟಿನಲ್ಲಿರುವ ಮ್ಯಾನೇಜರ್ ಗೇಟು ತೆಗೆಯುವುದಿಲ್ಲ. ಕುರಿಯವರ ಸಂಘ ಮಾಡಿಸಿ, ತರಬೇತಿ ಕೊಟ್ಟು, ವಿಮೆ ಮಾಡಿಸಿ, ಟೆಂಡರಿನ ಷರತ್ತಿನಲ್ಲೇ ಸೇರಿಸಬೇಕು. ಪಾರ್ಕ್ ಕಟ್ಟಿದ ಮೇಲೆ ಕೇಳಿದರೆ ಕಷ್ಟ, ಫಲಕದ ಎತ್ತರ ಆಗಲೇ ನಿಗದಿಯಾಗಿರುತ್ತದೆ.

ಇನ್ನು ಕೆಲಸದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಕಟ್ಟುವಾಗ ಸಾವಿರಾರು ಜನ ಬೇಕು. ಕಟ್ಟಿ ಮುಗಿದ ಮೇಲೆ ಕಾವಲು, ಫಲಕ ತೊಳೆಯುವುದು, ಹುಲ್ಲು ತೆಗೆಯುವುದು, ಕೆಲವು ಟೆಕ್ನಿಷಿಯನ್‌ಗಳು, ಅಷ್ಟೇ. ತೊಳೆಯುವುದಕ್ಕೂ ಈಗ ನೀರಿಲ್ಲದೆ ಉಜ್ಜುವ ಯಂತ್ರ ಬರುತ್ತಿವೆ. ಬರದ ತಾಲ್ಲೂಕಿನಲ್ಲಿ ನೀರು ಉಳಿಯುವುದು ಒಳ್ಳೆಯದೇ, ಆದರೆ ಅಷ್ಟು ಕೂಲಿಯೂ ಹೋಗುತ್ತದೆ. ಹಾಗಾಗಿ ‘ಪಾರ್ಕಿನಲ್ಲೇ ಎಲ್ಲರಿಗೂ ಕೆಲಸ’ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಕೇಳುವುದಾದರೆ ಆದಾಯದಲ್ಲಿ ಪಾಲು ಕೇಳಿ.

ಸಂಡೂರು ರಸ್ತೆ

ಆದಾಯದಲ್ಲಿ ಪಾಲು ಅಂದಿರಲ್ಲ, ಅದಕ್ಕೆ ನಮ್ಮ ಕಡೆ ಒಂದು ಮಾದರಿ ಇದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಮರುತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ನಿಲ್ಲಲೇಬೇಕಿತ್ತು, ಗುಡ್ಡಗಳು ಕಣ್ಣೆದುರೇ ಕರಗುತ್ತಿದ್ದವು. ಆದರೆ ಸಾಲ ಮಾಡಿ ಲಾರಿ ತಗೊಂಡಿದ್ದವರು, ಕ್ಲೀನರ್‌ಗಳು, ರಸ್ತೆ ಪಕ್ಕ ಇಡ್ಲಿ ಅಂಗಡಿ ಇಟ್ಟವರು ರಾತ್ರೋರಾತ್ರಿ ಬೀದಿಗೆ ಬಂದರು. ತಪ್ಪು ಮಾಡಿದವರು ಬೇರೆ, ಅನುಭವಿಸಿದವರು ಬೇರೆ.

ಆಮೇಲೆ 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೆಯ ಗುತ್ತಿಗೆಯವರು ರಾಯಲ್ಟಿಯ ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಹೆಚ್ಚುವರಿಯಾಗಿ ಜಿಲ್ಲೆಗೆ ಕಟ್ಟಬೇಕು. ಗಣಿಯಿಂದ ತೊಂದರೆಯಾದ ಊರುಗಳ ಕುಡಿಯುವ ನೀರು, ಆಸ್ಪತ್ರೆ, ಶಾಲೆ, ತರಬೇತಿಗೆ ಅದು ಹೋಗಬೇಕು. ಖರ್ಚು ಮಾಡುವುದರಲ್ಲಿ ನೂರು ತಕರಾರು ಇವೆ, ಅದು ಬೇರೆ ಚರ್ಚೆ. ಆದರೆ ಹಕ್ಕು ಕಾನೂನಿನಲ್ಲಿದೆ.

ಬಿಸಿಲಿಗೆ ಹಾಗೆ ಯಾಕೆ ಮಾಡಬಾರದು? ನಾನು ಸುಮ್ನೆ ಕೂತು ಲೆಕ್ಕ ಹಾಕಿದೆ, ಅಂದಾಜು ಲೆಕ್ಕ. 2,050 ಮೆಗಾವಾಟ್ ಅಂದರೆ ವರ್ಷಕ್ಕೆ ಸುಮಾರು 400 ಕೋಟಿ ಯೂನಿಟ್. ಯೂನಿಟ್‌ಗೆ 1 ಪೈಸೆ ಅಂದರೆ 4 ಕೋಟಿ ರೂಪಾಯಿ. 2 ಪೈಸೆ ತೆಗೆದಿಟ್ಟರೆ 8 ಕೋಟಿ. ಐದು ಊರಿನಲ್ಲಿ ಜಮೀನಿಲ್ಲದ ಸಾವಿರ ಕುಟುಂಬ ಇದ್ದರೆ ತಲಾ 80 ಸಾವಿರ. ಮೂರು ಸಾವಿರ ಇದ್ದರೂ ತಲಾ 26 ಸಾವಿರದ ಮೇಲೆ. ಜಮೀನಿನವರಿಗೆ ಶುರುವಿನಲ್ಲಿ ಕೊಟ್ಟ ಗುತ್ತಿಗೆ ಎಷ್ಟು? 13,000 ಎಕರೆಗೆ 21,000ದಂತೆ 27 ಕೋಟಿ ಚಿಲ್ಲರೆ, ಅಂದರೆ ಯೂನಿಟ್‌ಗೆ ಆರೇಳು ಪೈಸೆ. ಆ ಪಾರ್ಕಿನ ಕರೆಂಟ್ ಮಾರಾಟವಾಗುವುದು ಯೂನಿಟ್‌ಗೆ ಸುಮಾರು 3 ರೂಪಾಯಿಯಿಂದ 4 ರೂಪಾಯಿ 80 ಪೈಸೆವರೆಗೆ. ಅದರಲ್ಲಿ ಕೂಲಿಯವರಿಗೆ 2 ಪೈಸೆ ದೊಡ್ಡದಾ?

ಬತ್ತಿದ ಬೋರು

ಈ ಲೆಕ್ಕ ಯಾರೂ ನಮಗೆ ಹೇಳಿರಲಿಲ್ಲ. ಆರೇಳು ಪೈಸೆ ಅಂದರೆ ನಂಬುವುದಕ್ಕೇ ಆಗುತ್ತಿಲ್ಲ. ಜಮೀನಿನವರೂ ಕೂಲಿಯವರೂ ಒಟ್ಟಿಗೆ ಕೇಳಬೇಕಾದ ವಿಷಯ ಇದು.

ಸೈಟ್ ಎಂಜಿನಿಯರ್

ಲೆಕ್ಕ ಸರಿ ಇದೆ. ಒಂದು ತಿದ್ದುಪಡಿ. ಈಗ ಇರುವ ಪಾರ್ಕಿಗೆ ದರ ಒಪ್ಪಂದ ಆಗಿಹೋಗಿದೆ. ಮಧ್ಯದಲ್ಲಿ ಹೊಸ ಖರ್ಚು ಹಾಕಿದರೆ ಕಂಪನಿಗಳು ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಹೋಗಿ ಅದನ್ನು ದರಕ್ಕೆ ಸೇರಿಸಿ ಅಂತ ಕೇಳುತ್ತವೆ, ಕೊನೆಗೆ ಗ್ರಾಹಕರ ಬಿಲ್ಲಿಗೆ ಬರುತ್ತದೆ. ಹೊಸ ಟೆಂಡರಿನಲ್ಲಿ ಮೊದಲೇ ಹೇಳಿದರೆ ಎಲ್ಲರೂ ಅದನ್ನು ಲೆಕ್ಕಕ್ಕೆ ಹಿಡಿದೇ ದರ ಕೂಗುತ್ತಾರೆ. ಹಾಗಾಗಿ ಕೇಳುವ ಸಮಯ ಈಗ.

ಬಿಲ್ ಕಟ್ಟುವವಳು

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಗ್ರಾಹಕರ ಬಿಲ್ಲಿಗೆ 2 ಪೈಸೆ ಬಂದರೂ ಪರವಾಗಿಲ್ಲ. ನಮ್ಮ ಮನೆಯಲ್ಲಿ ತಿಂಗಳಿಗೆ 200 ಯೂನಿಟ್ ಅಂದರೆ 4 ರೂಪಾಯಿ.

ಪಣಂಬೂರು

ಕುದುರೆಮುಖದ ಮಾತು ಯಾರೂ ಎತ್ತಲಿಲ್ಲ. 2002ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಕಬ್ಬಿಣದ ಅದಿರಿನ ಗಣಿ ಮುಚ್ಚಬೇಕು ಅಂತ ಹೇಳಿತು, 2005ರ ಡಿಸೆಂಬರ್ 31ಕ್ಕೆ ನಿಂತಿತು. ಮೂರು ವರ್ಷ ಸಮಯ ಇತ್ತು. ಭದ್ರಾ ನದಿಗೆ, ಶೋಲಾ ಕಾಡಿಗೆ ಆದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಕಂಪನಿಯೂ ಉಳಿಯಿತು, ಇಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಅದಿರಿನ ಉಂಡೆ (ಪೆಲೆಟ್) ಮಾಡುವ ಕಾರ್ಖಾನೆ ಬೇರೆ ಕಡೆಯ ಅದಿರು ತರಿಸಿ ನಡೆಯಿತು. ಆದರೆ ಆ ಟೌನ್‌ಶಿಪ್ಪನ್ನೇ ನಂಬಿ ಅಂಗಡಿ, ಹೋಟೆಲ್, ಜೀಪು ಇಟ್ಟುಕೊಂಡಿದ್ದವರಿಗೆ ಯಾವ ಯೋಜನೆಯೂ ಇರಲಿಲ್ಲ. ಸಮಯ ಕೊಟ್ಟರೆ ಸಾಲದು ಮಾರಾಯ್ರೆ, ಆ ಸಮಯದಲ್ಲಿ ಏನು ಮಾಡುತ್ತೀರಿ ಅನ್ನುವುದು ಮುಖ್ಯ.

ಲೌಸಿಟ್ಸ್ ಪಕ್ಕ

ಜರ್ಮನಿಯ ಪೂರ್ವ ಭಾಗದಲ್ಲಿ ಇರುವ ಕನ್ನಡಿಗ. ಇಲ್ಲಿ ಲೌಸಿಟ್ಸ್ ಅಂತ ಕಂದು ಕಲ್ಲಿದ್ದಲಿನ ಪ್ರದೇಶ. 2020ರ ಕಾನೂನಿನ ಪ್ರಕಾರ ತಡವಾದರೂ 2038ರೊಳಗೆ ಎಲ್ಲ ನಿಲ್ಲಬೇಕು. ಕಲ್ಲಿದ್ದಲು ಪ್ರದೇಶಗಳಿಗೆ 40 ಬಿಲಿಯನ್ ಯೂರೋವರೆಗೆ ನೆರವು ಇಟ್ಟಿದ್ದಾರೆ. 58 ದಾಟಿದ ಕೆಲಸಗಾರರಿಗೆ ಪಿಂಚಣಿ ಶುರುವಾಗುವವರೆಗೆ, ಐದು ವರ್ಷದ ಮಟ್ಟಿಗೆ, ಸರ್ಕಾರವೇ ಹಣ ಕೊಡುತ್ತದೆ. ಇದೆಲ್ಲ ಸುಮ್ನೆ ಬರಲಿಲ್ಲ. 1990ರ ನಂತರ ಇಲ್ಲಿ ಗಣಿಗಳು ಯೋಜನೆ ಇಲ್ಲದೆ ಮುಚ್ಚಿ ಊರುಗಳು ಖಾಲಿಯಾದವು. ಆ ನೋವು ಜನ ಮರೆತಿಲ್ಲ, ಸಂಘಗಳೂ ಬಲವಾಗಿವೆ. ನಮ್ಮಲ್ಲಿ ಅಷ್ಟು ದುಡ್ಡಿಲ್ಲ ಅಂತ ಹೇಳಬಹುದು. ಆದರೆ ಹೆಸರಿನ ಪಟ್ಟಿ ಮಾಡುವುದಕ್ಕೆ ಬಿಲಿಯನ್ ಬೇಕಾಗಿಲ್ಲ, ಅಲ್ವಾ?

ಭೂಮಿ ಕಾನೂನು

ಪಟ್ಟಿಯ ವಿಷಯಕ್ಕೆ ಒಂದು ಉಪಾಯ. ಕೂಲಿಯವರ ಹೆಸರು ಎಲ್ಲೂ ಇಲ್ಲ ಅಂದಿರಿ, ಆದರೆ ನರೇಗಾ ಜಾಬ್ ಕಾರ್ಡ್ ಇರುತ್ತದೆ, ಪಡಿತರ ಚೀಟಿ ಇರುತ್ತದೆ. ಪಹಣಿ ಇಲ್ಲದ, ಜಾಬ್ ಕಾರ್ಡ್ ಇರುವ ಮನೆಗಳನ್ನು ತೆಗೆದರೆ ಮೊದಲ ಪಟ್ಟಿ ಸಿಗುತ್ತದೆ. ಅದನ್ನು ಗ್ರಾಮಸಭೆಯಲ್ಲಿ ಓದಿಸಿ. ಯಾರ ಹೊಲದಲ್ಲಿ ಯಾರು ದುಡಿಯುತ್ತಿದ್ದರು ಅನ್ನುವುದು ಊರಿಗೆ ಗೊತ್ತಿರುತ್ತದೆ, ಬಿಟ್ಟುಹೋದವರನ್ನು ಅಲ್ಲೇ ಸೇರಿಸಬಹುದು. ಹೆಂಗಸರ ಹೆಸರನ್ನು ಬೇರೆಯಾಗಿಯೇ ಬರೆಸಿ. ‘ಮನೆ ಯಜಮಾನ’ ಅಂತ ಬರೆದರೆ ಕಾಯಿ ಬಿಡಿಸಿದವಳ ಹೆಸರು ಮತ್ತೆ ಬಿಟ್ಟುಹೋಗುತ್ತದೆ. ಗುಳೆ ಹೋದವರಿಗೆ ಫೋನ್ ಮಾಡಿ ಸಭೆಯ ದಿನ ತಿಳಿಸಬೇಕು.

ಮಂದೆ

ಮೇಡಂ, ಕುರಿಯವರನ್ನೂ ಸೇರಿಸಿ. ನಾವು ಬೇರೆ ತಾಲ್ಲೂಕಿನಿಂದ ಬರುವವರು, ಆ ಊರಿನ ಜಾಬ್ ಕಾರ್ಡ್ ನಮಗೆ ಇರುವುದಿಲ್ಲ. ಯಾವ ತಿಂಗಳು ಯಾರ ಹೊಲದಲ್ಲಿ ಮಂದೆ ನಿಲ್ಲಿಸಿದ್ದೆವು ಅಂತ ಆ ರೈತರೇ ಹೇಳಬೇಕು.

ತಿರುಮಣಿ ಕಡೆಯವನು

ಹೇಳುತ್ತೇವೆ. ನಮ್ಮ ಹೊಲದಲ್ಲಿ ನಿಲ್ಲಿಸಿದವರ ಹೆಸರು ನಮ್ಮಪ್ಪನಿಗೆ ಬಾಯಲ್ಲೇ ಇದೆ.

ಇಷ್ಟು ಜನ ಬರೆದದ್ದಕ್ಕೆ ಧನ್ಯವಾದ. ಇದನ್ನೆಲ್ಲ ಒಂದು ಅರ್ಜಿ ಮಾಡುತ್ತಿದ್ದೇನೆ. ಹೊಸ ಜಮೀನಿಗೆ ಸಹಿ ಹಾಕುವ ಮುಂಚೆಯೇ ಗ್ರಾಮಸಭೆಯಲ್ಲಿ ಕೂಲಿಯವರ, ಕುರಿಯವರ ಪಟ್ಟಿ ಆಗಬೇಕು. ಯೂನಿಟ್‌ಗೆ 2 ಪೈಸೆ ಟೆಂಡರಿನಲ್ಲೇ ಬರಬೇಕು, ಅದು ಆ ಪಟ್ಟಿಯವರ ಖಾತೆಗೆ ನೇರ ಹೋಗಬೇಕು. ಫಲಕದ ಎತ್ತರ, ಕುರಿ ಬಿಡುವ ಷರತ್ತು, ವಿಮೆ ಕೂಡ ಟೆಂಡರಿನಲ್ಲೇ. ಗುತ್ತಿಗೆ ಏರಿಕೆ ಶೇ 5ಕ್ಕೆ ನಿಲ್ಲದೆ ಬೆಲೆ ಏರಿಕೆಗೆ ತಕ್ಕಂತೆ ಇರಬೇಕು, ಇದು ಬೋರು ಅಣ್ಣನ ಬೇಡಿಕೆ.

ಕರಡನ್ನು ಭಾನುವಾರ ಇಲ್ಲಿ ಹಾಕುತ್ತೇನೆ. ಭೂಮಿ ಕಾನೂನು ಮೇಡಂ, 2013ರ ಕಾಯ್ದೆಯ ಆ ವ್ಯಾಖ್ಯಾನದ ಸಾಲುಗಳನ್ನು ಕನ್ನಡದಲ್ಲಿ ಬರೆದುಕೊಡುತ್ತೀರಾ? ಸಭೆಯಲ್ಲಿ ಓದಬೇಕು. ನಮ್ಮ ಕಡೆ ತೆಲುಗು ಮಾತಾಡುವವರು ಜಾಸ್ತಿ, ತೆಲುಗಿಗೆ ನಾನು ಮಾಡಿಕೊಳ್ಳುತ್ತೇನೆ.

ಭೂಮಿ ಕಾನೂನು

ಶನಿವಾರದೊಳಗೆ ಹಾಕುತ್ತೇನೆ. ಬೂದಿ ಗಾಡಿ ಅವರೇ, ನಿಮ್ಮ ಗೇಟ್ ಪಾಸ್‌ಗಳ ಫೋಟೋ ಎಲ್ಲರೂ ಈಗಲೇ ತೆಗೆದಿಟ್ಟುಕೊಳ್ಳಿ, ಹಳೆಯವು ಸಿಕ್ಕರೆ ಅವೂ. ನಿಮ್ಮ ಕೆಲಸಕ್ಕೆ ಬೇರೆ ಅರ್ಜಿ ಬೇಕು, ಅದನ್ನು ಮುಂದಿನ ವಾರ ಕೂತು ಬರೆಯೋಣ.